ನಮ್ಮ ಮಾವನ ಗಾಂಧಾರ ದೇಶ

ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಅದನ್ನು ಮೆಲ್ಲಗೆ ದಾಟಿಕೊಂಡು ಮುಂದೆ ಹೋಗುವುದು ನನ್ನ ಹುಟ್ಟುಗುಣ. ಹೊಸ್ತಿಲಲ್ಲಿ ಮಲಗಿದ ನಾಯಿಯನ್ನು ದಾಟುತ್ತೇವಲ್ಲ, ಹಾಗೆ. ಎಬ್ಬಿಸಿ ಯಾಕೆ ಕಚ್ಚಿಸಿಕೊಳ್ಳಬೇಕು, ಅದರ ಪಾಡಿಗೆ ಅದಿರಲಿ, ನಮ್ಮ ಪಾಡಿಗೆ ನಾವು. ಮನಸ್ಸಿನಲ್ಲೇ ಓದಿಕೊಳ್ಳುವವರಿಗೆ ಇದೊಂದು ದೊಡ್ಡ ಸೌಕರ್ಯ. ಪುಸ್ತಕದ ಕಾಲು ಭಾಗ ಅರ್ಥವಾಗದಿದ್ದರೂ ಮುಗಿಸಿದ ಮೇಲೆ ‘ಚೆನ್ನಾಗಿತ್ತು’ ಎಂದು ತಲೆ ಆಡಿಸಬಹುದು, ಯಾರೂ ಪರೀಕ್ಷೆ ಮಾಡುವುದಿಲ್ಲ. ಆದರೆ ಗಟ್ಟಿಯಾಗಿ ಓದಿ ಇನ್ನೊಬ್ಬರ ಕಿವಿಗೆ ಹಾಕಬೇಕಾಗಿ ಬಂದರೆ ಈ ಉಪಾಯ ನಡೆಯುವುದಿಲ್ಲ. ಕೇಳುವವರು ನಾಯಿಯನ್ನು ಎಬ್ಬಿಸಿಯೇ ಸಿದ್ಧ ಎಂದು ಹಟ ಹಿಡಿದವರಾದರಂತೂ ಮುಗಿದೇ ಹೋಯಿತು. ನನ್ನ ಪಾಲಿಗೆ ಬಂದ ಕೇಳುಗರು ನಮ್ಮ ಮಾವ.

ಅರವತ್ತರ ದಶಕದ ಮಾತು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಬಾಡಿಗೆ ಮನೆ. ನಮ್ಮವರು ತೀರ್ಥಹಳ್ಳಿಯಲ್ಲಿ ಮೇಷ್ಟರಾಗಿದ್ದರು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ವಾರವೆಲ್ಲ ಮನೆಯಲ್ಲಿ ನಾನು ಮತ್ತು ಮಾವ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಾವನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಶಿವಮೊಗ್ಗದ ಡಾಕ್ಟರು ನೋಡಿ, ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ಕರೆದುಕೊಂಡು ಬನ್ನಿ ಎಂದು ಕಳಿಸಿದ್ದರು. ಅದು ಹಣ್ಣಾಗುವವರೆಗೆ ಮಾವನಿಗೆ ಹೊತ್ತು ಹೋಗಬೇಕಲ್ಲ? ಮಧ್ಯಾಹ್ನದ ಊಟವಾದ ಮೇಲೆ ನಾನು ಪುಸ್ತಕ ಓದಿ ಹೇಳುವುದು, ಅವರು ಕೇಳುವುದು ಎಂದು ಗೊತ್ತಾಯಿತು. ಪಕ್ಕದ ಮನೆಯ ಪುಟ್ಟಮ್ಮನೂ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು ಕೂರುತ್ತಿದ್ದರು. ಅವರ ಊರು ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋಗಿತ್ತು. ಪರಿಹಾರದ ಜಮೀನು ಸಿಗುವವರೆಗೆ ಎಂದು ಹೊಸನಗರಕ್ಕೆ ಬಂದವರು ಅಲ್ಲೇ ಉಳಿದಿದ್ದರು.

ಮಾವನ ವಿಷಯ ಸ್ವಲ್ಪ ಹೇಳಬೇಕು. ಅವರು ನಮ್ಮ ಕಡೆಯ ದೊಡ್ಡ ಅರ್ಥಧಾರಿಗಳು. ತಾಳಮದ್ದಳೆ ನೋಡಿದವರಿಗೆ ಗೊತ್ತಿರುತ್ತದೆ: ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ನಡೆಯುವ ಆಟ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಆ ಪಾತ್ರದವರು ಅದಕ್ಕೆ ಆಶುವಾಗಿ ಅರ್ಥ ಹೇಳುತ್ತಾರೆ. ಎದುರು ಪಾತ್ರದವರು ಕೇಳಿದ ಪ್ರಶ್ನೆಗೆ ಉತ್ತರವಿಲ್ಲದೆ ಕೂತರೆ ಅದೇ ಸೋಲು. ಜೀವಮಾನವೆಲ್ಲ ಹೀಗೆ ಕಳೆದವರಿಗೆ ಅರ್ಥವಿಲ್ಲದ ಪದವೊಂದು ಪ್ರಪಂಚದಲ್ಲಿದೆ ಎಂಬುದನ್ನೇ ನಂಬಲಾಗುವುದಿಲ್ಲ. ಅದರಲ್ಲೂ ಮಾವ ಹೆಸರು ಮಾಡಿದ್ದು ಒಂದೇ ಪಾತ್ರದಲ್ಲಿ. ದಾಳದಲ್ಲಿ ಮೋಸ ಮಾಡುವ ಆ ಗಾಂಧಾರದ ರಾಜನ ಪಾತ್ರ. ಹೆಸರು ಬೇಡ, ಯಾರೆಂದು ನಿಮಗೆ ತಿಳಿದೇ ಇದೆ. ಆ ಹೆಸರು ಮನೆಯೊಳಗೆ ಕೇಳಿಸಬಾರದು, ಮನೆ ಒಡೆಯುತ್ತದೆ ಎಂದು ಅತ್ತೆ ಕಟ್ಟುನಿಟ್ಟು ಮಾಡಿದ್ದರಂತೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಪಾತ್ರಕ್ಕೆ ‘ಗಾಂಧಾರದವರು’ ಎಂದೇ ರೂಢಿ.

ಒಂದು ಶನಿವಾರ ನಮ್ಮವರು ತೀರ್ಥಹಳ್ಳಿಯ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದರು. ಮುಂದಿನ ರಟ್ಟಿಲ್ಲ, ಹೆಸರಿನ ಪುಟವಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಒಬ್ಬ ಪ್ರವಾಸಿ ಆಫ್ಘಾನಿಸ್ತಾನದ ಹಳ್ಳಿಯೊಂದರಲ್ಲಿ, ಒಂದು ಮನೆಯವರ ಜೊತೆ ಒಂದು ವರ್ಷ ಇದ್ದು ಬರೆದದ್ದು. ಯಾರೋ ಕನ್ನಡಕ್ಕೆ ಮಾಡಿದ್ದರು. ಮಾಡಿದವರು ಒಳ್ಳೆಯವರು, ಅಲ್ಲಿಯ ಮಾತುಗಳನ್ನು ಹಾಗೆಯೇ ಇಟ್ಟು ಪ್ರತಿಯೊಂದರ ನೆತ್ತಿಯ ಮೇಲೂ ಒಂದು ನಕ್ಷತ್ರದ ಗುರುತು ಹಾಕಿ, ‘ಅರ್ಥವನ್ನು ಪುಸ್ತಕದ ಕೊನೆಯಲ್ಲಿ ನೋಡಿ’ ಎಂದಿದ್ದರು. ಕೊನೆಯಲ್ಲಿ ನೋಡಿದರೆ ಕೊನೆಯೇ ಇರಲಿಲ್ಲ. ಅರ್ಥದ ಪುಟಗಳನ್ನೆಲ್ಲ ಯಾರೋ ಪುಣ್ಯಾತ್ಮರು ಕಿತ್ತುಕೊಂಡು ಹೋಗಿದ್ದರು. ಪುಟಪುಟಕ್ಕೂ ನಕ್ಷತ್ರಗಳು, ಒಂದಕ್ಕೂ ಅರ್ಥವಿಲ್ಲ. ನಾನು ಹೆದರಿದೆ. ಮಾವ ಮಾತ್ರ ಕಂದಹಾರದ ಹತ್ತಿರದ ಹಳ್ಳಿ ಎಂದು ಕೇಳಿದ್ದೇ ನೆಟ್ಟಗೆ ಕೂತರು. ಕಂದಹಾರವೆಂದರೆ ಗಾಂಧಾರ ಎಂದು ಅವರಿಗೆ ಯಾರೋ ಹಿಂದೆಯೇ ಹೇಳಿದ್ದರು.

“ಗಾಂಧಾರದ ವಿಷಯ ಎನ್ನ ಕೇಳು ಕೂಸೆ,” ಎಂದರು. “ಆನು ಅಲ್ಲಿಯವ.”

ಅಲ್ಲಿಂದ ಶುರುವಾಯಿತು ನೋಡಿ. ‘ಕಾರೇಜ್’ ಎಂದು ಬಂತು, ನೆತ್ತಿಯ ಮೇಲೆ ನಕ್ಷತ್ರ. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾರೇಜಿಗೆ ಇಳಿದರು ಎಂದಿತ್ತು. ಮಾವ ಕ್ಷಣವೂ ತಡಮಾಡದೆ, ಅದು ಶತ್ರುಗಳ ಅರಮನೆಗೆ ಬೆಂಕಿ ಇಡಲು ತೋಡಿದ ಗುಪ್ತ ಸುರಂಗ, ಗಾಂಧಾರದವರ ವಂಶದಲ್ಲಿ ಅದು ಪರಂಪರೆಯಿಂದ ಬಂದದ್ದು ಎಂದರು. ಪುಟ್ಟಮ್ಮ ಕೈಮುಗಿಯುವುದೊಂದು ಬಾಕಿ. ನನಗೆ ಒಳಗೊಳಗೇ ಅನುಮಾನ. ಗೊತ್ತಿಲ್ಲದ ಪದವನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡಬೇಕು ಎಂದು ನನಗೆ ಹೊಳೆದದ್ದು ಆಗಲೇ. ಹೊಸ ಸೊಸೆಯನ್ನು ಯಾರೂ ನೇರವಾಗಿ ‘ನೀನು ಎಂಥವಳು’ ಎಂದು ಕೇಳುವುದಿಲ್ಲ; ಎಲ್ಲಿ ಕೂರುತ್ತಾಳೆ, ಯಾರ ಹತ್ತಿರ ಮಾತಾಡುತ್ತಾಳೆ, ಅವಳು ತವರಿಗೆ ಹೋದರೆ ಮನೆಯಲ್ಲಿ ಏನು ನಿಂತುಹೋಗುತ್ತದೆ ಎಂದು ನೋಡಿಕೊಂಡಿರುತ್ತಾರೆ. ನಾನೂ ಹಾಗೆಯೇ ಕಾರೇಜನ್ನು ನೋಡಿಕೊಂಡೆ. ಕಾರೇಜ್ ಕುಸಿದ ವರ್ಷ ಊರವರು ಗೋಧಿ ಬಿತ್ತಲಿಲ್ಲ. ಕಾರೇಜ್ ಸರಿಯಾದ ವರ್ಷ ಊರಲ್ಲಿ ಸಾಲುಸಾಲಾಗಿ ಮದುವೆಗಳಾದವು. ಬೆಂಕಿ ಇಡುವ ಸುರಂಗ ಸರಿಯಾದರೆ ಯಾರಾದರೂ ಮದುವೆ ಮಾಡುತ್ತಾರೆಯೇ? ಅದು ಬೆಟ್ಟದ ಬುಡದಿಂದ ನೆಲದಡಿಯಲ್ಲೇ ತೋಡಿಕೊಂಡು ಬಂದ ನೀರಿನ ದಾರಿ ಎಂದು ನಾನು ಹೇಳಿದೆ. ಮುಂದೆ ಓದಿದಾಗ ಅದೇ ಸರಿಯಾಯಿತು. ಮಾವ ಕೆಮ್ಮಿದರು.

ಎರಡನೆಯದು ಇತಿಹಾಸದ್ದು. ಆ ಮನೆಯ ಅಜ್ಜಿ ಏನೇ ಹೇಳಿದರೂ ‘ದಂಡು ಹಿಮದಲ್ಲಿ ಕರಗಿದ ಚಳಿಗಾಲ’ದಿಂದ ಲೆಕ್ಕ ಹಾಕುತ್ತಿದ್ದಳು. ಯಾವ ದಂಡು, ಯಾಕೆ ಕರಗಿತು ಎಂದು ಬರೆದವನು ಹೇಳಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ ಎಂಬಂತೆ ಬರೆದಿದ್ದ. ಮಾವ, ಅದು ನಮ್ಮ ಪುರಾಣದ ಯುದ್ಧವೇ, ಗಾಂಧಾರದ ಸೈನ್ಯವೆಲ್ಲ ಅದರಲ್ಲಿ ನಾಶವಾದದ್ದನ್ನು ಆ ಮುದುಕಿ ಇನ್ನೂ ಮರೆತಿಲ್ಲ ಎಂದು ಹೇಳಿದರು. ಅವರ ಕಣ್ಣಲ್ಲಿ ನೀರೇ ಬಂತು. ಆದರೆ ನಾಲ್ಕು ಪುಟ ಮುಂದೆ ಅದೇ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆ ಗುಂಡಿ ಸಿಕ್ಕಿತು. ಕಾಬೂಲಿನ ಕಡೆಯ ಕಣಿವೆಯಲ್ಲಿ ಹಿಮ ಕರಗಿದಾಗ ಅವಳ ಅಜ್ಜ ಹೆಕ್ಕಿಕೊಂಡು ಬಂದದ್ದಂತೆ, ಅದರ ಮೇಲೆ ಸಿಂಹದ ಚಿತ್ರವಿತ್ತಂತೆ. ನನಗೆ ಸಾಗರದಲ್ಲಿ ಹೈಸ್ಕೂಲು ಓದುವಾಗಿನ ಇತಿಹಾಸದ ಪಾಠ ನೆನಪಾಯಿತು. ಅದರಲ್ಲಿ ಇಂಗ್ಲಿಷರು ಗೆದ್ದ ಯುದ್ಧಗಳಿಗೆಲ್ಲ ಒಂದೊಂದು ಪುಟ, ಕಾಬೂಲಿಗೆ ಹೋದದ್ದಕ್ಕೆ ಮಾತ್ರ ಅರ್ಧ ಸಾಲು: ದಂಡು ಹೋಯಿತು, ಹಿಂದಿರುಗುವಾಗ ಚಳಿಯಿಂದ ತೊಂದರೆಯಾಯಿತು. ದಂಡಿಗೆ ದಂಡೇ ಹಿಮದಲ್ಲಿ ಸತ್ತ ಆ ತೊಂದರೆ ಎಂಥದ್ದೆಂದು ಶಾಲೆಯ ಮೇಷ್ಟರು ಹೇಳಿರಲಿಲ್ಲ, ಆ ಅಜ್ಜಿ ಹೇಳಿದಳು. ನಾನು ಮಾವನಿಗೆ, “ಆ ಕಾಲದಲ್ಲಿ ಯಾರೂ ಗುಂಡಿ ಇಪ್ಪ ಅಂಗಿ ಹಾಕ್ತಿದ್ವಿಲ್ಲೆ ಮಾವ,” ಎಂದೆ. ಗುಂಡಿ ಬೇರೆ ಯಾರದೋ ಇರಬೇಕು ಎಂದರು ಮಾವ.

ನಾನು ಬೀಗಿದ್ದು ಸುಳ್ಳಲ್ಲ. ಆದರೆ ಅವರ ಮುಖ ನೋಡಿ ಪಿಚ್ಚೆನಿಸಿದ್ದೂ ಸುಳ್ಳಲ್ಲ. ಕಣ್ಣು ಹೋದ ಮೇಲೆ ಅವರನ್ನು ತಾಳಮದ್ದಳೆಗೆ ಕರೆಯುವವರು ಕಡಿಮೆಯಾಗಿದ್ದರು. ಅರ್ಥ ಹೇಳಲು ಉಳಿದಿದ್ದ ಒಂದೇ ಜಾಗ ನಮ್ಮ ನಡುಮನೆ. ಅಲ್ಲೂ ಸೊಸೆ ಬಂದು ಎರಡು ಸಲ ಬಾಯಿ ಕಟ್ಟಿದಳು. ಮೂರನೆಯ ಸಲ ಅವರು ಬಿಟ್ಟುಕೊಡುವ ಹಾಗೆ ಇರಲಿಲ್ಲ, ನಾನು ಬಿಡುವ ಹಾಗೂ ಇರಲಿಲ್ಲ.

ಆ ಮೂರನೆಯದು ಬಂದದ್ದು ಕಥೆ ಒಳ್ಳೆಯ ಘಟ್ಟಕ್ಕೆ ಬಂದಾಗ. ಆ ಮನೆಗೂ ಇನ್ನೊಂದು ಮನೆಗೂ ಹಗೆ. ಎರಡೂ ಕಡೆ ಹೆಣ ಬಿದ್ದಿವೆ. ಹೀಗಿರುವಾಗ ಒಂದು ದಿನ ಆ ಹಗೆಯ ಮನೆಯ ಯಜಮಾನ ಒಬ್ಬನೇ, ಕೈಯಲ್ಲಿ ಬಂದೂಕಿಲ್ಲದೆ, ಹಾಡುಹಗಲು, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಹುಲ್ಲು ತೆಗೆದು ಒಂದೇ ಮಾತು ಆಡುತ್ತಾನೆ: ‘ನನವಾತೆ’. ಅದರ ಮೇಲೊಂದು ನಕ್ಷತ್ರ. ಈ ಮನೆಯವನು ಬಂದೂಕು ಕೆಳಗಿಟ್ಟು ‘ಒಳಗೆ ಬಾ’ ಎನ್ನುತ್ತಾನೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

“ಮೋಸ,” ಎಂದರು ಮಾವ. “ಬಂದವ ಉಂಬಲೆ ಕೂತು ವಿಷ ಹಾಕ್ತ. ಎನ್ನ ಜನ ಎಂಗೆ ಗೊತ್ತಿಲ್ಯ?”

ಅಲ್ಲ ಮಾವ, ಇದು ಅಭಯ ಬೇಡುವ ಮಾತು, ಈ ಮಾತು ಆಡಿದವನನ್ನು ಕೊಲ್ಲುವ ಹಾಗಿಲ್ಲ, ಕಾಯಲೇಬೇಕು, ಎಂದೆ ನಾನು. ಪುಟ ತಿರುಗಿಸಿ ನೋಡಿದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಅದಕ್ಕೇ ಕೈ ಹಾಕಿದೆ. ಅಷ್ಟರಲ್ಲಿ ಮಾವ ಪುಸ್ತಕ ಕಿತ್ತುಕೊಂಡು ತೊಡೆಯಡಿಗೆ ಹಾಕಿಕೊಂಡರು. ಒಂದು ಪದ್ಯದ ಅರ್ಥ ತೀರ್ಮಾನವಾಗದೆ ಇನ್ನೊಂದು ಪದ್ಯ ಎತ್ತುವ ಕ್ರಮ ಇಲ್ಲ ಎಂದರು. ಭಾನುವಾರ ಮಗನ ಎದುರಿಗೆ ವಾದವಾಗಬೇಕು. ನಾನು ಸೋತರೆ ಪುಸ್ತಕ ಅರ್ಧಕ್ಕೇ ಸೋಮವಾರದ ಬಸ್ಸಿಗೆ ತೀರ್ಥಹಳ್ಳಿಗೆ ವಾಪಸು, ಇನ್ನು ಮುಂದೆ ಅವರು ಹೇಳಿದ ಪುಸ್ತಕವನ್ನೇ ಓದಬೇಕು. ಗೆದ್ದರೆ ಪುಸ್ತಕ ಆರಿಸುವುದೂ ಅರ್ಥ ಹೇಳುವುದೂ ನನ್ನದು, ಒಂದು ವರ್ಷ ಅವರು ಬಾಯಿ ಬಿಚ್ಚದೆ ಕೇಳಬೇಕು. ಸರಿ ಎಂದೆ. ಎಂದ ಮೇಲೆ ಆ ವಾರ ನನಗೆ ನಿದ್ದೆಯಿಲ್ಲ. ಕಾಣದ ಕಣ್ಣಿನವರು ಪುಸ್ತಕವನ್ನು ಊಟಕ್ಕೆ ಕೂತಾಗಲೂ ತೊಡೆಯಡಿಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಕಣ್ಣು ಕಾಣುವ ನಾನು ಸಾರು ಬಡಿಸುವಾಗ ಅದರ ಅಂಚು ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದೆ. ಆ ಬಡಪಾಯಿ ಬಾಗಿಲೊಳಗೆ ಹೋದವನು ಬದುಕಿದನೋ ಸತ್ತನೋ ತಿಳಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹುಳಿಗೆ ಹಿಂಗು ಹಾಕುವಾಗಲೂ ಇದು ಅವನ ದೇಶದ್ದಲ್ಲವೇ ಎಂದು ನೆನಪಾಗಿ ಕೈ ನಿಲ್ಲುತ್ತಿತ್ತು.

ಭಾನುವಾರ ನಡುಮನೆಯಲ್ಲಿ ಮಾವ ಮಡಿಸಿದ ಜಮಖಾನದ ಮೇಲೆ, ಶಾಲು ಹೊದ್ದು, ಸಾಕ್ಷಾತ್ ಅರ್ಥಧಾರಿಯಾಗಿ ಕೂತರು. ಎದುರಿಗೆ ನಾನು, ಸೆರಗು ಸಿಕ್ಕಿಸಿಕೊಂಡು. ನಮ್ಮವರು ಹೆಂಡತಿಯ ಕಡೆಯೂ ಅಪ್ಪನ ಕಡೆಯೂ ಅಲ್ಲದ ಮುಖ ಮಾಡಿಕೊಂಡು ಗೋಡೆಗೆ ಒರಗಿದ್ದರು. ಮೇಷ್ಟರುಗಳಿಗೆ ಆ ಮುಖ ಚೆನ್ನಾಗಿ ಬರುತ್ತದೆ. ಪುಟ್ಟಮ್ಮ ಎಂದಿನಂತೆ ಮೊರ ಹಿಡಿದು ಅಡಿಗೆಮನೆಯ ಬಾಗಿಲಲ್ಲಿದ್ದರು. ಹೆಂಗಸರು ಅರ್ಥ ಹೇಳುವುದನ್ನು ಆಗ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಮಾವ ಹಗೆಯ ಪಾತ್ರ ತಮಗೇ ಇರಲಿ ಎಂದರು, ನನಗೆ ಮನೆಯ ಯಜಮಾನನ ಪಾತ್ರ. ಅರ್ಥ ಹೇಳುವಾಗ ಮನೆಮಾತು ಸಲ್ಲದು, ಗ್ರಂಥದ ಭಾಷೆಯೇ ಆಗಬೇಕು. ಹೀಗಾಗಿ ನಾವಿಬ್ಬರು ಪಠಾಣರು ನಮ್ಮ ನಡುಮನೆಯಲ್ಲಿ ಅಚ್ಚ ಗ್ರಾಂಥಿಕ ಕನ್ನಡದಲ್ಲಿ ಎದುರಾದೆವು.

“ಎಲೈ ಹಗೆಯೇ,” ಎಂದೆ. “ವಂಚಿಸಬಂದವನಾದರೆ ಇರುಳಿನಲ್ಲಿ ಬರಬೇಕಿತ್ತು. ಊರೆಲ್ಲ ನೋಡುವಂತೆ ಹಗಲಿನಲ್ಲಿ ಏಕೆ ಬಂದೆ?”

ಊರು ನಂಬಲಿ ಎಂದೇ ಹಗಲಿನಲ್ಲಿ ಬಂದೆ ಎಂದರು ಮಾವ, ಗಡ್ಡವಿಲ್ಲದ ಗಲ್ಲ ನೀವಿಕೊಂಡು. ಆಯುಧವೆಲ್ಲಿ ಎಂದರೆ ಬುದ್ಧಿಯೇ ಆಯುಧ ಎಂದರು. ಒಬ್ಬನೇ ಏಕೆ ಬಂದೆ ಎಂದರೆ, ಸಿಂಹ ಎಂದಾದರೂ ಜೊತೆ ಕಟ್ಟಿಕೊಂಡು ಹೋದದ್ದುಂಟೆ ಎಂದರು. ಪುಟ್ಟಮ್ಮನ ಕೈಯಲ್ಲಿ ಮೊರ ನಿಂತೇ ಹೋಗಿತ್ತು. ಮಾತಿನಲ್ಲಿ ಅವರನ್ನು ಹಿಡಿಯುವುದು ನನ್ನಿಂದಾಗದು ಎಂದು ಖಾತ್ರಿಯಾಯಿತು. ಬಾಯಲ್ಲಿ ಹುಲ್ಲೇಕೆ ಎಂದು ಕೇಳಿದೆ. ಹಸಿವಾಗಿತ್ತು ಎಂದರು. ಅಲ್ಲಿ ಅವರು ಜಾರಿದರು. ದಾರಿಯುದ್ದಕ್ಕೂ ನನ್ನ ಬಾದಾಮಿ ತೋಟ, ದ್ರಾಕ್ಷಿ ತೋಟ; ಹಸಿದವನು ಅದೆಲ್ಲವನ್ನೂ ಬಿಟ್ಟು ಹುಲ್ಲು ಮೇಯುತ್ತಾ ಬಂದೆಯಾ ಎಂದೆ. ನಮ್ಮವರು ಮೊದಲ ಬಾರಿ ಮುಖ ಸಡಿಲಿಸಿ ನಕ್ಕರು. ಆ ನಗು ನನಗೆ ಧೈರ್ಯ ಕೊಟ್ಟಿತು. ಗ್ರಂಥಭಾಷೆಯನ್ನು ಅಲ್ಲೇ ಬಿಟ್ಟು ಮನೆಮಾತಿಗೆ ಬಂದೆ.

“ಮಾವ, ನಿಂಗ ಎಷ್ಟು ಜನರ ಹತ್ರ ‘ನಿನ್ನ ಬಾಯಲ್ಲಿ ಹುಲ್ಲು ಕಚ್ಚಿಸ್ತೆ’ ಹೇಳಿ ಗರ್ಜಿಸಿದ್ದಿ. ಕಚ್ಚಿದವನ ತಲೆ ಒಂದು ಸಲನಾದ್ರೂ ಕಡಿದ್ದಿದ್ದಾ?”

ಹುಲ್ಲು ಕಚ್ಚಿದವನು ಶರಣು ಬಂದ ಹಾಗೆ, ಅವನ ಮೇಲೆ ಕತ್ತಿ ಎತ್ತಿದರೆ ಎತ್ತಿದವನಿಗೇ ನರಕ ಎಂದು ಎಷ್ಟೋ ಪ್ರಸಂಗಗಳಲ್ಲಿ ಅರ್ಥ ಹೇಳಿದವರು ಮಾವನೇ. ನಾನು ಅದನ್ನು ಮದುವೆಯಾಗಿ ಬಂದ ಹೊಸತರಲ್ಲಿ ಅವರ ಬಾಯಿಂದಲೇ ಕೇಳಿದ್ದೆ. ಬಿಡಲಾರದೆ ಕೊನೆಯದೊಂದು ಮಾತು ಎತ್ತಿದರು: ಅದೆಲ್ಲ ಆಟದಲ್ಲಿ ಸರಿ, ಸಂಸಾರಸ್ಥನಾದವನು ನಿಜವಾಗಿ ಹಗೆಯನ್ನು ಯಾರು ಒಳಗೆ ಕರೆಯುತ್ತಾರೆ? ಸೋತೆ ಎಂದುಕೊಂಡೆ.

“ಕರೀತಾರೆ ಕಣ್ರೀ,” ಎಂದರು ಪುಟ್ಟಮ್ಮ, ಬಾಗಿಲಿಂದಲೇ. “ಬೇಲಿ ವಿಷಯಕ್ಕೆ ನಮಗೂ ಕೆಳಗಿನ ಮನೆಯೋರಿಗೂ ಕೋರ್ಟಿತ್ತು. ಮುಖ ನೋಡ್ತಿರ್ಲಿಲ್ಲ. ನೀರು ಮೊದ್ಲು ಅವ್ರ ಮನೆಗೆ ಬಂತು. ದನದ ಹಗ್ಗ ಹಿಡ್ಕಂಡು ಬಂದು ನಮ್ಮ ಬೇಲಿ ದಣಪೆ ಹೊರಗೇ ನಿಂತ್ರು, ಮಾತಿಲ್ಲ ಕತೆಯಿಲ್ಲ. ನಮ್ಮನೆಯೋರು ಹೋಗಿ ಹಗ್ಗ ಕೈಗೆ ತಗಂಡ್ರು. ಅಷ್ಟೇ. ಆಮೇಲೆ ನಮ್ಮನೇನೂ ಮುಳುಗ್ತು.”

ಹೊರಗೆ ಸಾಗರದ ಬಸ್ಸು ಹಾರ್ನು ಹಾಕಿಕೊಂಡು ಹೋಯಿತು. ನನಗೆ ಅಳು ಬಂತು, ಗೆಲುವಿನ ಖುಷಿಯಲ್ಲಿ ಅಲ್ಲ. ಮಾವ ಪುಟ್ಟಮ್ಮನಿದ್ದ ಕಡೆ ಮುಖ ತಿರುಗಿಸಿದರು. ಆಮೇಲೆ ತೊಡೆಯಡಿಯಿಂದ ಪುಸ್ತಕ ತೆಗೆದು, ಶಾಲಿನ ತುದಿಯಲ್ಲಿ ಒರೆಸಿ, ನನ್ನ ಕಡೆ ನೀಡಿದರು.

“ಮುಂದಿನ ಪದ್ಯ ಹೇಳು, ಕೂಸೆ.”

ಅರ್ಥಧಾರಿಯೊಬ್ಬ ‘ಸೋತೆ’ ಎಂದು ಹೇಳುವುದು ಹೀಗೆಯೇ. ನಾನು ಪುಟ ತಿರುಗಿಸಿದೆ. ಮನೆಯವನು ಒಳಗೆ ಕೂಗಿ ರೊಟ್ಟಿ ಹೆಚ್ಚು ತಟ್ಟಲು ಹೇಳಿದ. ಹಗೆಯವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಒಂದೇ ತಟ್ಟೆಯಲ್ಲಿ ಉಂಡ. ಅಂದಿನಿಂದ ಅವನ ತಲೆ ಕಾಯುವುದು ಈ ಮನೆಯ ಮಾನದ ಪ್ರಶ್ನೆಯಾಯಿತು. ಬರೆದವನೇ ಅಲ್ಲಿ ಬಿಡಿಸಿ ಹೇಳಿದ್ದ: ಆ ಪದಕ್ಕೆ ‘ಒಳಹೊಕ್ಕೆ’ ಎಂದು ಅರ್ಥವಂತೆ, ಅಭಯ ಬೇಡಿ ಹೊಸ್ತಿಲು ದಾಟಿದೆ ಎಂದು. ಇದನ್ನೇ ಅಲ್ಲವೇ ನಾವು ‘ಮರೆಹೊಕ್ಕ’ ಎನ್ನುವುದು? ನಾನು ಆ ಸಾಲನ್ನು ಮೂರು ಸಲ ಓದಿದೆ. ಮಾವ ಒಂದೇ ಸಲ ಸಾಕು ಎಂದರೂ ಕೇಳಲಿಲ್ಲ. ಅಂದು ಸಂಜೆ ಎಲ್ಲರಿಗೂ ಕೇಸರಿಬಾತು ಮಾಡಿದೆ. ಊರಿನ ಯಾವ ಮದುವೆಯಲ್ಲೂ ಅಷ್ಟು ತುಪ್ಪ ಬಿದ್ದಿರಲಿಲ್ಲ. ತೀರ್ಥಹಳ್ಳಿಯಿಂದ ಇನ್ನು ಯಾವ್ಯಾವ ಪುಸ್ತಕ ತರಬೇಕೆಂದು ನಮ್ಮವರಿಗೆ ಅಪ್ಪಣೆ ಮಾಡಿದೆ. ಅವರು ‘ಆಗಲಿ’ ಎಂದದ್ದು ಹೆಂಡತಿಗೋ ಅರ್ಥಧಾರಿಗೋ ಎಂದು ಕೇಳಲು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಮಾವನ ಜಮಖಾನವನ್ನು ನಾನೇ ಹಾಸಿಕೊಂಡು ಕೂತೆ. ಮಾವ ಕರಾರಿನಂತೆ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದರು. ನನ್ನ ದರ್ಬಾರು ಶುರುವಾಗಿ ಎರಡು ಪುಟವಾಗಿರಬಹುದು, ‘ಹಬ್ಬದ ದಿನ ಯಜಮಾನ ಗೂಟದಿಂದ ಪುಸ್ತೀನ್ ಇಳಿಸಿ ಧೂಳು ಕೊಡವಿ ಬಿಸಿಲಿಗಿಟ್ಟ’ ಎಂದು ಬಂತು. ನಕ್ಷತ್ರವಿತ್ತು. ಹಾಗೆಂದರೇನು ಎಂದರು ಪುಟ್ಟಮ್ಮ. ಎಲ್ಲಿ ಕೂರುತ್ತದೆ, ಯಾರ ಹತ್ತಿರ ಮಾತಾಡುತ್ತದೆ ಎಂದು ನೋಡಿಕೊಳ್ಳುವಷ್ಟು ತಾಳ್ಮೆ ಗೆದ್ದವಳಿಗೆ ಎಲ್ಲಿಂದ ಬರಬೇಕು? ಹಬ್ಬ ಎಂದಿದೆ, ಗೂಟಕ್ಕೆ ತೂಗುಹಾಕಿದೆ, ಬಿಸಿಲಿಗೆ ಇಟ್ಟಿದ್ದಾರೆ. ಅದೊಂದು ಚರ್ಮವಾದ್ಯ, ನಮ್ಮ ಮದ್ದಳೆಯ ಹಾಗೆ, ಶ್ರುತಿ ಏರಲಿ ಎಂದು ಕಾಯಿಸುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಪುಟ್ಟಮ್ಮ ತಲೆದೂಗಿದರು. ನಾನು ಗತ್ತಿನಿಂದ ಮುಂದೆ ಓದಿದೆ: ರಾತ್ರಿ ಹಿಮ ಬೀಳತೊಡಗಿತು, ಯಜಮಾನ ಪುಸ್ತೀನಿನ ಎರಡು ತೋಳುಗಳಲ್ಲಿ ಕೈ ತೂರಿಸಿ, ಅದರ ಕುರಿಯುಣ್ಣೆಯನ್ನು ಎದೆಗೆ ಅವಚಿಕೊಂಡು ಮಲಗಿದ.

ಓದಿ ಮುಗಿಸಿ ನಾನು ತಲೆ ಎತ್ತಲಿಲ್ಲ. ಮಾವನ ಕಡೆಯಿಂದ ಮಾತು ಬರಲಿಲ್ಲ, ಬರುವ ಹಾಗಿರಲಿಲ್ಲ. ಶಾಲನ್ನು ಬಾಯಿಗೆ ತುರುಕಿಕೊಂಡು ಅವರು ಕುಲುಕುತ್ತಿದ್ದುದಕ್ಕೆ ಗೋಡೆಯ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಪುಟ್ಟಮ್ಮ ಅಕ್ಕಿ ಕೇರುವುದನ್ನು ಬಿಟ್ಟು, ಮದ್ದಳೆಗೆ ತೋಳು ಎಲ್ಲಿಂದ ಬಂತು, ಅದನ್ನು ಹೊದ್ದುಕೊಂಡು ಹೇಗೆ ಮಲಗಿದ ಎಂದು ನಿಜವಾದ ಕಾಳಜಿಯಿಂದ ಕೇಳಿದರು.

ಅದು ವಿಪರೀತ ಚಳಿಯ ದೇಶ ಪುಟ್ಟಮ್ಮ, ಅಲ್ಲಿ ಮದ್ದಳೆಗಳಿಗೂ ಅಂಗಿ ಹೊಲಿಸುತ್ತಾರೆ, ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಮುಂದಿನ ಪುಟ ತಿರುಗಿಸುವಷ್ಟರಲ್ಲಿ ನಾನೇ ನಂಬಿಬಿಟ್ಟಿದ್ದೆ.